ಹಬ್ಬದ ಹೊತ್ತಿಗೆ ಗೊತ್ತಿಲ್ಲದವರಿಗೆ ಹೆಸರು ಹೇಳದೆ ಸಹಾಯ ಮಾಡುವುದು ಹೇಗೆ?

ನೀವು ಕೇಳಿರುವುದು ಎರಡು ವಿಷಯ. ಹಬ್ಬದ ದಿನಗಳಲ್ಲಿ ಕಷ್ಟದಲ್ಲಿರುವ ಒಂದು ಮನೆಗೆ, ನಿಮ್ಮ ಹೆಸರು ಗೊತ್ತಾಗದ ಹಾಗೆ, ರಾತ್ರಿ ಬಾಗಿಲ ಸಂದಿಯಲ್ಲಿ ದುಡ್ಡಿನ ಕವರ್ ತೂರಿಸಿ ಬಂದರೆ ಸರಿಯಾ? ಕೊಟ್ಟದ್ದು ಸರಿಯಾಗಿ ಬಳಕೆ ಆಯಿತಾ ಅಂತ ಆಮೇಲೆ ತಿಳಿಯುವುದು ಹೇಗೆ?

ಬಾಗಿಲ ಸಂದಿಯ ಕವರ್ ಬೇಡ. ಅದು ಸಿಕ್ಕವರ ಜಾಗದಲ್ಲಿ ಒಂದು ನಿಮಿಷ ನಿಂತು ನೋಡಿ. ಬೆಳಗ್ಗೆ ಎದ್ದರೆ ಹೊಸ್ತಿಲ ಹತ್ತಿರ ನೋಟುಗಳಿರುವ ಕವರ್. ಯಾರದ್ದು ಅಂತ ಬರೆದಿಲ್ಲ. ಪಕ್ಕದ ಮನೆಗೆ ಹೋಗಬೇಕಾದದ್ದು ಇಲ್ಲಿ ಬಿತ್ತಾ? ಯಾರಾದರೂ ಸಿಕ್ಕಿಸಿ ಹಾಕಲು ಇಟ್ಟಿದ್ದಾರಾ? ನಾಳೆ ಬಂದು ಬಡ್ಡಿ ಸಮೇತ ಕೇಳಿದರೆ? ಸಾಲದವರ ಕಾಟ ಇರುವ ಮನೆಯಲ್ಲಿ ಖುಷಿಗಿಂತ ಮೊದಲು ಭಯ ಬರುತ್ತದೆ. ಅವರು ಪ್ರಾಮಾಣಿಕರಾಗಿದ್ದರೆ ಇನ್ನೂ ಕಷ್ಟ. ಯಾರದ್ದೋ ಏನೋ ಅಂತ ಆ ದುಡ್ಡನ್ನು ಮುಟ್ಟದೆ ಎತ್ತಿಡುತ್ತಾರೆ, ಹಬ್ಬ ಹಾಗೇ ಕಳೆದುಹೋಗುತ್ತದೆ. ಅಪರಿಚಿತರೊಬ್ಬರು ಕತ್ತಲಲ್ಲಿ ಬಾಗಿಲ ಬಳಿ ಸುಳಿದಾಡಿದ್ದನ್ನು ಅಕ್ಕಪಕ್ಕದವರು ಕಂಡರಂತೂ ನಿಮ್ಮ ಕಥೆ ಬೇರೆಯೇ ಆಗುತ್ತದೆ!

ಹೆಸರು ಮುಚ್ಚಿಡುವುದು ಯಾರಿಗೋಸ್ಕರ ಅಂತ ಮೊದಲು ಯೋಚಿಸಿ. ತೆಗೆದುಕೊಂಡವರು ನಾಳೆ ನಿಮ್ಮನ್ನು ಎದುರಿಗೆ ಕಂಡಾಗ ಮುಜುಗರಪಡಬಾರದು, ಅಷ್ಟೇ ಅಲ್ವಾ? 12ನೇ ಶತಮಾನದ ಯಹೂದಿ ಪಂಡಿತ ಮೈಮೋನಿಡೀಸ್ ದಾನದಲ್ಲಿ ಎಂಟು ಮೆಟ್ಟಿಲು ಹೇಳಿದ್ದಾರೆ. ಅದರಲ್ಲಿ ಒಂದು ಕಡೆ, ಹಿಂದಿನ ಹಿರಿಯರು ಬಟ್ಟೆಯಲ್ಲಿ ನಾಣ್ಯ ಗಂಟು ಕಟ್ಟಿ ಬೆನ್ನ ಹಿಂದೆ ಹಾಕಿಕೊಂಡು ಹೋಗುತ್ತಿದ್ದ ವಿಷಯ ಬರುತ್ತದೆ. ಬಡವರು ಹಿಂದಿನಿಂದ ಬಂದು ತೆಗೆದುಕೊಳ್ಳಲಿ, ಯಾರು ತೆಗೆದುಕೊಂಡರು ಅಂತ ತಮಗೆ ಕಾಣಿಸದಿರಲಿ ಅಂತ. ಕೊಟ್ಟವರು ಯಾರು ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಮುಖ ಉಳಿದದ್ದು ತೆಗೆದುಕೊಂಡವರದ್ದು. ಇಬ್ಬರಿಗೂ ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ಕೊಡುವುದು ಅವರ ಲೆಕ್ಕದಲ್ಲಿ ಮೇಲಿನಿಂದ ಎರಡನೆಯ ಮೆಟ್ಟಿಲು. ಎಲ್ಲಕ್ಕಿಂತ ಮೇಲಿನದು, ಕೆಲಸವನ್ನೋ ಸಾಲವನ್ನೋ ಕೊಟ್ಟು ಅವರು ಇನ್ನೊಬ್ಬರ ಮುಂದೆ ಕೈ ಚಾಚದಂತೆ ಮಾಡುವುದು. (ಇದನ್ನು ಹಬ್ಬದ ಒಂದು ವಾರದಲ್ಲಿ ಮಾಡಲು ಆಗುವುದಿಲ್ಲ, ಬಿಡಿ.)

ಅಮೆರಿಕದ ಲ್ಯಾರಿ ಸ್ಟೀವರ್ಟ್ ಅವರ ಕಥೆಯಲ್ಲೂ ನನಗೆ ಹಿಡಿಸಿದ್ದು ಇದೇ. 1971ರಲ್ಲಿ ಕೈಯಲ್ಲಿ ಕಾಸಿಲ್ಲದೆ ಅವರು ಮಿಸಿಸಿಪ್ಪಿಯ ಒಂದು ಸಣ್ಣ ಹೋಟೆಲಿನಲ್ಲಿ ತಿಂಡಿ ತಿಂದು, ಬಿಲ್ ಕೊಡುವಾಗ ಪರ್ಸ್ ಕಳೆದುಹೋದ ಹಾಗೆ ನಾಟಕ ಮಾಡಿದರು. ಮಾಲೀಕರು ಅವರು ಕೂತಿದ್ದ ಕಡೆ ಬಗ್ಗಿ, ನೆಲದಿಂದ ಎತ್ತಿಕೊಂಡವರ ಹಾಗೆ ಒಂದು 20 ಡಾಲರ್ ನೋಟು ಹಿಡಿದು, ಇದು ನಿಮ್ಮದೇ ಬಿದ್ದಿರಬೇಕು ಅಂದರು. ಮುಂದೆ ಅನುಕೂಲಸ್ಥರಾದ ಸ್ಟೀವರ್ಟ್ ಪ್ರತಿ ಕ್ರಿಸ್‌ಮಸ್‌ಗೆ ಗುರುತಿಲ್ಲದವರ ಕೈಗೆ 100 ಡಾಲರ್ ನೋಟುಗಳನ್ನು ಇಡುತ್ತಾ ಹೋದರು. ಎರಡು ದಶಕಕ್ಕೂ ಜಾಸ್ತಿ ಕಾಲ ಜನಕ್ಕೆ ಅವರ ಹೆಸರು ಗೊತ್ತಿರಲಿಲ್ಲ. 2006ರಲ್ಲಿ, ಕ್ಯಾನ್ಸರ್ ಇದ್ದಾಗ, ಅದು ಹೊರಬಂತು. 2007ರ ಜನವರಿಯಲ್ಲಿ ತೀರಿಕೊಂಡರು. ನನ್ನನ್ನು ಕೇಳಿದರೆ ಆ ನೂರರ ನೋಟುಗಳಿಗಿಂತ ಹೋಟೆಲ್ ಮಾಲೀಕರ ಇಪ್ಪತ್ತೇ ಒಂದು ಕೈ ಮೇಲು. ಕೊಟ್ಟದ್ದು ಕೊಟ್ಟ ಹಾಗೆ ಕಾಣಲೇ ಇಲ್ಲ.

ನಮಗೆ ನಿಮಗೆ ಅಷ್ಟು ಚುರುಕುತನ ಆ ಕ್ಷಣಕ್ಕೆ ಬರುವುದು ಅನುಮಾನ. ಹಾಗಾಗಿ ಮಧ್ಯೆ ಒಬ್ಬರು ಬೇಕು. ಆ ಮನೆಯವರು ನಂಬುವವರಾಗಿರಬೇಕು, ಬಾಯಿ ಗಟ್ಟಿ ಇರಬೇಕು. ನಾನು ಕೊಡುವುದು ಒಬ್ಬರು ಶಾಲೆ ಮೇಷ್ಟ್ರ ಮೂಲಕ. ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಅವರಿಗೆ ಗೊತ್ತು, ನನಗೆ ಅವರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮಕ್ಕಳಿಗೆ ಬ್ಯಾಗ್ ಕೊಡಿಸಲಾ ಅಂತ ಕೇಳಿದಾಗ ಅವರು ಬೇಡವೇ ಬೇಡ ಅಂದರು. ಒಂದೇ ಬಣ್ಣದ ಬ್ಯಾಗ್ ನಾಲ್ಕು ಮಕ್ಕಳ ಹೆಗಲ ಮೇಲೆ ಬಂದರೆ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ, ಇವು ಯಾರೋ ಕೊಟ್ಟಿದ್ದು ಅಂತ. ದುಡ್ಡು ಕೊಡಿ, ಅಪ್ಪ ಅಮ್ಮನೇ ಅಂಗಡಿಗೆ ಕರೆದುಕೊಂಡು ಹೋಗಲಿ, ಮಗು ತನಗೆ ಬೇಕಾದ್ದು ಆರಿಸಿಕೊಳ್ಳಲಿ ಅಂದರು. ಆಮೇಲೆ ನಾನು ವಸ್ತು ಕೊಡುವುದನ್ನೇ ಬಿಟ್ಟೆ.

ಮೇಷ್ಟ್ರೇ ಆಗಬೇಕು ಅಂತೇನಿಲ್ಲ. ಆ ಮನೆಯವರು ಉದ್ರಿ ತರುವ ಅಂಗಡಿಯವರಾಗಬಹುದು, ಅವರ ಬಾಕಿ ತೀರಿಸಿ ಸುಮ್ನೆ ಬಂದುಬಿಡಬಹುದು. ಔಷಧಿ ಅಂಗಡಿಯಾದರೂ ಸರಿ. ಅಂಗಡಿಯವರಿಗೆ ಲೆಕ್ಕ ಹೊಡೆದು ಹಾಕಲು ಹೇಳಿ, ನಿಮ್ಮ ಎದುರಿಗೇ.

ಒಂದು ಚೀಟಿ ಜೊತೆಗಿರಲಿ. ಇದು ನಿಮಗೇ, ವಾಪಸ್ ಕೊಡಬೇಕಾಗಿಲ್ಲ, ಹಬ್ಬದ ಶುಭಾಶಯ. ಇಷ್ಟು ಸಾಕು. ನಿಮ್ಮ ಕಷ್ಟ ಕೇಳಿ ಮನಸ್ಸಿಗೆ ನೋವಾಯಿತು ಅಂತೆಲ್ಲ ಬರೆಯಬೇಡಿ. ನಮ್ಮ ವಿಷಯ ಯಾರು ಹೇಳಿದರು ಅಂತ ಅವರು ಹುಡುಕಲು ಶುರು ಮಾಡುತ್ತಾರೆ. ಫೋನಿನಿಂದ ಹಣ ಕಳಿಸುವ ಯೋಚನೆಯಿದ್ದರೆ ಹುಷಾರು, ಹೆಚ್ಚಿನ ಕಡೆ ಕಳಿಸಿದವರ ಹೆಸರು ತೆರೆಯ ಮೇಲೆ ಬಂದುಬಿಡುತ್ತದೆ.

ಹಬ್ಬದ ಹಿಂದಿನ ದಿನ ಕೊಟ್ಟರೆ ತಡವಾಯಿತು. ಅಷ್ಟರಲ್ಲಿ ಅವರು ಸಾಲ ಮಾಡಿಯೋ, ಮಕ್ಕಳಿಗೆ ಈ ವರ್ಷ ಬೇಡ ಅಂತ ಹೇಳಿಯೋ ಆಗಿರುತ್ತದೆ. ಹತ್ತು ಹದಿನೈದು ದಿನ ಮುಂಚೆ ತಲುಪಲಿ. ಅದು ಆಗಲಿಲ್ಲವಾ, ಹಬ್ಬ ಮುಗಿದ ಮುಂದಿನ ತಿಂಗಳು ಕೊಡಿ. ಆಗ ಕೊಡುವವರು ಯಾರೂ ಇರುವುದಿಲ್ಲ, ಬಾಕಿ ಕೇಳುವವರು ಮಾತ್ರ ಇರುತ್ತಾರೆ.

ಇನ್ನು ಎರಡನೆಯ ಪ್ರಶ್ನೆ. ಗುಟ್ಟಾಗಿ ಕೊಟ್ಟರೆ ಹೇಗೆ ಬಳಕೆಯಾಯಿತು ಅಂತ ತಿಳಿಯುವುದಿಲ್ಲ, ತಿಳಿಯಲು ಹೋದರೆ ಗುಟ್ಟು ಉಳಿಯುವುದಿಲ್ಲ. ಲೆಕ್ಕ ಬೇಕೇ ಬೇಕು ಅನಿಸಿದರೆ ಅದೇನೂ ತಪ್ಪಲ್ಲ, ಒಳ್ಳೆಯ ಸಂಸ್ಥೆಯ ಮೂಲಕ ಕೊಡಿ. ಸಂಸ್ಥೆಗೆ ನಿಮ್ಮ ಹೆಸರು ಗೊತ್ತಿರುತ್ತದೆ, ಅದನ್ನು ಎಲ್ಲೂ ಹಾಕಬೇಡಿ ಅಂತ ಮೊದಲೇ ಬರೆದುಕೊಡಿ, ಖರ್ಚಿನ ಲೆಕ್ಕ ಅವರನ್ನು ಕೇಳಿ. ಆದರೆ ಕೊಡುವ ಮುಂಚೆ ಅವರ ಹಳೆಯ ಫೋಟೋಗಳನ್ನು ನೋಡಿ. ಸಹಾಯ ತೆಗೆದುಕೊಂಡವರ ಮುಖ ಅದರಲ್ಲಿ ಕಾಣುತ್ತಿದ್ದರೆ ಬೇರೆ ಸಂಸ್ಥೆ ಹುಡುಕಿ.