ನೌಕರಿ ಮಾಡಿಕೊಂಡು ಓಡುವವರು ತಮ್ಮನ್ನು ಅಥ್ಲೀಟ್ ಅಂತ ಯಾವಾಗ ಕರೆದುಕೊಳ್ಳಬಹುದು?

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 43, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಮೂರು ವರ್ಷದಿಂದ ವಾರಕ್ಕೆ ನಾಲ್ಕು ದಿನ ಓಡುತ್ತೀರಿ. 10 ಕಿ.ಮೀ.ಗೆ 58 ನಿಮಿಷ. ಕ್ಲಬ್ಬಿನವರು ಕೊಟ್ಟ ಟೀ ಶರ್ಟಿನ ಬೆನ್ನ ಮೇಲೆ 'ಅಥ್ಲೀಟ್' ಅಂತ ಇರುವುದನ್ನು ನೋಡಿ ಆಫೀಸಿನಲ್ಲಿ ಯಾರೋ ನಕ್ಕರು. ಹಾಗೆ ಕರೆದುಕೊಳ್ಳಲು ಎಷ್ಟು ವೇಗ ಬೇಕು, ಯಾವ ಮಟ್ಟದವರೆಗೆ ಹೋಗಿರಬೇಕು ಅಂತ ಕೇಳಿದ್ದೀರಿ. ಬಿಪಿ ಮಾತ್ರೆ ತಗೊಳ್ಳುವವರೂ ಅಥ್ಲೀಟ್ ಆಗಬಹುದಾ ಅಂತ ಕೊನೆಯಲ್ಲಿ ಸೇರಿಸಿದ್ದೀರಿ. ಅದಕ್ಕೂ ಬರುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಬಹಳ ಮುಖ್ಯವಾದ ಭಾಗ ಅದೇ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇದಕ್ಕೆ ಇಂತಿಷ್ಟು ವೇಗ ಅಂತ ಇಲ್ಲ. ಆಟದಿಂದ ದುಡ್ಡು ಬರಬೇಕು ಅಂತಲೂ ಇಲ್ಲ. ಒಂದು ಗುರಿ ಇಟ್ಟುಕೊಂಡು ತಯಾರಿ ಮಾಡಬೇಕು. ಆಟದ ನಿಯಮಕ್ಕೆ ಒಪ್ಪಿ ಸ್ಪರ್ಧೆಗೆ ಇಳಿಯಬೇಕು. ಬೇರೆಯವರು ಹಿಡಿದ ಗಡಿಯಾರ ಏನು ತೋರಿಸುತ್ತೋ ಅದು ನಿಮ್ಮ ಹೆಸರಿನ ಮುಂದೆ ಎಲ್ಲರಿಗೂ ಕಾಣುವ ಹಾಗೆ ಬರಲಿ ಅಂತ ಬಿಡಬೇಕು. ಇಷ್ಟು ಮಾಡುವವರು ಆ ಆಟದ ಅಥ್ಲೀಟ್. ನೀವು ಹೇಳಿದ್ದನ್ನು ನೋಡಿದರೆ ಇದರಲ್ಲಿ ಬಹುಪಾಲು ಆಗಲೇ ಮಾಡುತ್ತಿದ್ದೀರಿ.

ನಾನು ಮೈಸೂರಿನಲ್ಲಿ ಬ್ಯಾಂಕ್ ಕೆಲಸ ಮಾಡುವವಳು, ವಯಸ್ಸಿನ ಗುಂಪುಗಳಲ್ಲಿ ನಡೆಯುವ ಮಾಸ್ಟರ್ಸ್ ಕೂಟಗಳಲ್ಲಿ 1500 ಮೀಟರ್ ಓಡುತ್ತೇನೆ. ಚಾಮುಂಡಿ ವಿಹಾರದ ಟ್ರ್ಯಾಕ್‌ನಲ್ಲಿ ಸಂಜೆ ಅಭ್ಯಾಸ ಮಾಡುವ ನಮ್ಮಂಥವರ ನಡುವೆ ಈ ಚರ್ಚೆ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ವಿಜ್ಞಾನದವರು ಇದಕ್ಕೊಂದು ಅಳತೆ ಹಾಕಿದ್ದಾರೆ. 2016ರಲ್ಲಿ ಅರೌಜೊ ಮತ್ತು ಶಾರ್‌ಹಾಗ್ ಎಂಬ ಇಬ್ಬರು ವೈದ್ಯರು ಅಥ್ಲೀಟ್ ಅಂದರೆ ಯಾರು ಅಂತ ನಾಲ್ಕು ಷರತ್ತು ಬರೆದರು. ಚೆನ್ನಾಗಿ ಆಡಬೇಕು ಅಂತಲೇ ತರಬೇತಿ ಮಾಡುತ್ತಿರಬೇಕು. ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿರಬೇಕು. ಯಾವುದಾದರೂ ಕ್ರೀಡಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿರಬೇಕು. ನಾಲ್ಕನೆಯದು, ಆಟವೇ ಬದುಕಿನ ಮುಖ್ಯ ಕೆಲಸ ಅಥವಾ ಆಸಕ್ತಿ ಆಗಿರಬೇಕು, ಉದ್ಯೋಗಕ್ಕಿಂತ ಜಾಸ್ತಿ ಹೊತ್ತು ಅದಕ್ಕೇ ಹೋಗಬೇಕು. ಆಸ್ಪತ್ರೆಯಲ್ಲಿ ಹೃದಯ ಪರೀಕ್ಷಿಸುವವರಿಗೆ ಇಂಥ ಗೆರೆ ಬೇಕು. ದಿನಕ್ಕೆ ಹಲವು ಗಂಟೆ ಅಭ್ಯಾಸ ಮಾಡುವವರ ಹೃದಯದ ಗಾತ್ರ, ಬಡಿತ ಎರಡೂ ಬದಲಾಗಿರುತ್ತವೆ. ಅವರನ್ನೂ ಭಾನುವಾರ ಮಾತ್ರ ಓಡುವವರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದರೆ ಸಂಶೋಧನೆ ಕೆಡುತ್ತದೆ. ಮೊದಲ ಎರಡು ಷರತ್ತು ನನಗೆ ಪೂರ್ತಿ ಒಪ್ಪಿಗೆ. ಮೂರನೆಯದು ಊರೂರಿಗೆ ಬೇರೆ. ನಾಲ್ಕನೆಯದನ್ನು ಮಾತ್ರ ಸಂಶೋಧನೆಯ ಆಚೆ ತರಬಾರದು.

ತಂದರೆ ಏನಾಗುತ್ತದೆ ನೋಡಿ. ಜಪಾನಿನ ಯೂಕಿ ಕವೌಚಿ ಸೈತಾಮಾದಲ್ಲಿ ಸರ್ಕಾರಿ ನೌಕರರಾಗಿದ್ದರು, ಹೈಸ್ಕೂಲ್ ಕಚೇರಿಯಲ್ಲಿ ಪೂರ್ತಿ ದಿನದ ಕೆಲಸ. 2018ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ದಿನ ಕೊರೆಯುವ ಚಳಿ, ಎದುರುಗಾಳಿ, ಬಿಡದ ಮಳೆ. ದೊಡ್ಡ ದೊಡ್ಡ ವೃತ್ತಿಪರ ಓಟಗಾರರು ನಡುವೆಯೇ ಕೈಬಿಟ್ಟರು. ಕವೌಚಿ 2 ಗಂಟೆ 15 ನಿಮಿಷ 58 ಸೆಕೆಂಡಿನಲ್ಲಿ ಗೆದ್ದರು. ಅದೇ ದಿನ ಮಹಿಳೆಯರಲ್ಲಿ ಎರಡನೆಯವರಾಗಿ ಬಂದ ಸಾರಾ ಸೆಲ್ಲರ್ಸ್ ಅರಿಜೋನಾದ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ನರ್ಸ್. ಪ್ರವೇಶ ಶುಲ್ಕ ತಾವೇ ಕಟ್ಟಿ ಬಂದಿದ್ದರು, ಅದು ಅವರ ಎರಡನೇ ಮ್ಯಾರಥಾನ್. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸೈಕಲ್ ರೋಡ್ ರೇಸ್ ಚಿನ್ನ ಗೆದ್ದ ಆಸ್ಟ್ರಿಯಾದ ಅನ್ನಾ ಕೀಸೆನ್‌ಹೋಫರ್ ಗಣಿತ ಸಂಶೋಧಕಿ, ಆಗ ಯಾವ ವೃತ್ತಿಪರ ತಂಡದಲ್ಲೂ ಇರಲಿಲ್ಲ. ದಿನದ ಗಂಟೆ ಎಣಿಸಿ ಇವರನ್ನು ಪಟ್ಟಿಯಿಂದ ಹೊರಗಿಡೋಕೆ ಆಗುತ್ತಾ?

ಇವರೆಲ್ಲ ಗೆದ್ದವರು, ನನ್ನ ಮಾತು ಬೇರೆ ಅಂತ ನೀವು ಹೇಳಬಹುದು. ಹಾಗಾದರೆ ನಿಧಾನದ ತುದಿಯನ್ನೂ ನೋಡೋಣ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಕ್ವಟೋರಿಯಲ್ ಗಿನಿ ದೇಶದ ಎರಿಕ್ ಮುಸಾಂಬಾನಿ 100 ಮೀಟರ್ ಫ್ರೀಸ್ಟೈಲ್ ಈಜಿದರು. ಈಜು ಕಲಿತು ಒಂದು ವರ್ಷವೂ ಆಗಿರಲಿಲ್ಲ. 50 ಮೀಟರ್ ಉದ್ದದ ಕೊಳವನ್ನು ಅವರು ಕಂಡದ್ದೇ ಸಿಡ್ನಿಯಲ್ಲಿ. ಜೊತೆಗಿದ್ದ ಇಬ್ಬರೂ ಫಾಲ್ಸ್ ಸ್ಟಾರ್ಟ್ ಆಗಿ, ಅಂದರೆ ಸಂಕೇತಕ್ಕೆ ಮೊದಲೇ ಹೊರಟು, ಹೊರಬಿದ್ದರು, ಇವರೊಬ್ಬರೇ ನೀರಿಗಿಳಿದರು. ಸಮಯ 1 ನಿಮಿಷ 52.72 ಸೆಕೆಂಡ್. ಅದೇ ಕೂಟದಲ್ಲಿ ಬಂದ ವಿಶ್ವದಾಖಲೆ 47.84 ಸೆಕೆಂಡ್. ಕೊನೆಯ ಕೆಲವು ಮೀಟರ್ ಅವರು ಮುಳುಗಿಬಿಡುತ್ತಾರೇನೋ ಅನ್ನುವ ಹಾಗಿತ್ತು. ಜಗತ್ತು ಆ ದಿನವನ್ನು ಮಾತ್ರ ನೆನಪಿಟ್ಟುಕೊಂಡಿತು. ಅವರು ಅಭ್ಯಾಸ ಬಿಡಲಿಲ್ಲ. ನಾಲ್ಕೇ ವರ್ಷದಲ್ಲಿ ಸಮಯವನ್ನು ಒಂದು ನಿಮಿಷದ ಒಳಗೆ ತಂದರು, ಮುಂದೆ ತಮ್ಮ ದೇಶದ ಈಜು ತಂಡಕ್ಕೆ ಕೋಚ್ ಆದರು. ಸಿಡ್ನಿಯ ಆ ಸಂಖ್ಯೆ ಇವತ್ತಿಗೂ ಅವರ ಹೆಸರಿನ ಮುಂದೆ ಇದೆ. ಅದನ್ನು ಮರೆಮಾಡದೆ ಅದರಿಂದಲೇ ಮುಂದೆ ಕೆಲಸ ಮಾಡಿದರಲ್ಲ, ನನ್ನ ಲೆಕ್ಕದಲ್ಲಿ ಅವರು ಅಥ್ಲೀಟ್ ಆದದ್ದು ಹಾಗೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ಹವ್ಯಾಸಿಗಳನ್ನು ಅನುಮಾನದಿಂದ ನೋಡುವುದು ಇತ್ತೀಚಿನ ರೂಢಿ. ನೂರು ವರ್ಷದ ಹಿಂದೆ ಎಲ್ಲ ತಲೆಕೆಳಗಾಗಿತ್ತು. ಹವ್ಯಾಸಿ ಮಾತ್ರ ನಿಜವಾದ ಕ್ರೀಡಾಪಟು, ದುಡ್ಡು ಮುಟ್ಟಿದವರು ಅಲ್ಲ ಅನ್ನುವ ಕಾಲ ಅದು. ಆದರೆ ಹವ್ಯಾಸಿ ಯಾರು ಅಂತ ತೀರ್ಮಾನಿಸುತ್ತಿದ್ದವರು ಶ್ರೀಮಂತರು. ಇಂಗ್ಲೆಂಡಿನ ಹೆನ್ಲಿ ದೋಣಿ ಸ್ಪರ್ಧೆಯವರು 1879ರಲ್ಲಿ ಒಂದು ನಿಯಮ ಬರೆದರು. ಕೂಲಿಗಾಗಿ ಮೆಕ್ಯಾನಿಕ್, ಕುಶಲಕರ್ಮಿ ಅಥವಾ ಕೂಲಿ ಕೆಲಸ ಮಾಡಿದವರು ಹವ್ಯಾಸಿಗಳೇ ಅಲ್ಲ, ಅವರಿಗೆ ಪ್ರವೇಶ ಇಲ್ಲ. ದೋಣಿ ನಡೆಸಿ ದುಡ್ಡು ತಗೊಂಡಿರಬೇಕಾಗಿಯೂ ಇಲ್ಲ, ಕೈಕೆಲಸದವರಾಗಿದ್ದರೆ ಸಾಕು! 1920ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಜಾನ್ ಕೆಲ್ಲಿ ಅಲ್ಲಿಗೆ ಅರ್ಜಿ ಹಾಕಿದರು. ಅವರು ಇಟ್ಟಿಗೆ ಗಾರೆ ಕೆಲಸ ಮಾಡಿ ಬೆಳೆದವರು. ಅವರ ಕ್ಲಬ್ಬಿನ ಮೇಲೆ ಹಳೆಯ ನಿಷೇಧವೂ ಇತ್ತು. ಅರ್ಜಿ ತಿರಸ್ಕಾರವಾಯಿತು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಕೆಲ್ಲಿ, ಹೆನ್ಲಿಯಲ್ಲಿ ಆ ಸಲ ಗೆದ್ದಿದ್ದ ಜ್ಯಾಕ್ ಬೆರೆಸ್‌ಫರ್ಡ್ ಅವರನ್ನು ಒಂದು ಸೆಕೆಂಡಿನ ಅಂತರದಲ್ಲಿ ಸೋಲಿಸಿ ಚಿನ್ನ ಗೆದ್ದರು. ಸ್ವಲ್ಪ ಹೊತ್ತಿನಲ್ಲೇ ಮತ್ತೆ ದೋಣಿಗಿಳಿದು ಪಾಲ್ ಕಾಸ್ಟೆಲೊ ಜೊತೆ ಡಬಲ್ಸ್ ಚಿನ್ನವನ್ನೂ ಗೆದ್ದರು. 1947ರಲ್ಲಿ ಅವರ ಮಗ ಹೆನ್ಲಿಗೆ ಹೋಗಿ ಅಪ್ಪನಿಗೆ ಸಿಗದ ಸ್ಪರ್ಧೆಯನ್ನೇ ಗೆದ್ದು ಬಂದ. ಈ ಕತೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಜೊತೆಗೆ ಧೈರ್ಯವೂ ಬರುತ್ತದೆ. ನೀವು ಯಾರು ಅಂತ ಹೇಳೋಕೆ ಕುಳಿತವರು ಎಷ್ಟೋ ಸಲ ಆಟವನ್ನು ನೋಡುತ್ತಿರುವುದೇ ಇಲ್ಲ, ನಿಮ್ಮ ಕೈಯಲ್ಲಿರುವ ಕೆಲಸವನ್ನು ನೋಡುತ್ತಿರುತ್ತಾರೆ.

ನಮ್ಮಲ್ಲೂ ಒಂದು ಉದಾಹರಣೆ ಇದೆ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು (ಕೆಸರಿನ ಓಟದ ಹಾದಿ) 13.62 ಸೆಕೆಂಡಿನಲ್ಲಿ ಓಡಿದರು. ಕಟ್ಟಡ ಕೆಲಸ ಮಾಡಿಕೊಂಡಿದ್ದವರು. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಸೆಕೆಂಡ್ ಅಂತ ತೆಗೆದರು. ಉಸೇನ್ ಬೋಲ್ಟ್ ದಾಖಲೆ 9.58. ಅಷ್ಟು ಸಾಕಾಯಿತು, ದೇಶವೆಲ್ಲ ಸುದ್ದಿ. ಕೇಂದ್ರ ಕ್ರೀಡಾ ಸಚಿವರೇ ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆದರು. ಗೌಡರು ಒಪ್ಪಲಿಲ್ಲ. ಕಂಬಳ ಬೇರೆ, ಟ್ರ್ಯಾಕ್ ಬೇರೆ ಅಂದರು. ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಟ್ರ್ಯಾಕ್‌ನಲ್ಲಿ ಕಾಲ್ಬೆರಳ ಮೇಲೆ ಓಡುತ್ತಾರೆ ಅಂತ ವಿವರಿಸಿದರು. ಕೋಣಗಳ ಪಾಲನ್ನೂ ಮರೆಯದೆ ಹೇಳಿದರು.

ಆಗ ಕೆಲವರಿಗೆ ನಿರಾಸೆ ಆಯಿತು, ಅವಕಾಶ ಕಳಕೊಂಡರು ಅಂದರು. ನನಗೆ ಅವರ ಮಾತಿನಲ್ಲಿ ಕಂಡದ್ದು ಆಟವನ್ನು ಒಳಗಿನಿಂದ ಬಲ್ಲವರ ತಿಳಿವಳಿಕೆ. ಕೆಸರು ನೀರಿನಲ್ಲಿ ಕಾಲು ಹೂತುಹೋಗದಂತೆ, ಹಗ್ಗದ ಹಿಡಿತ ತಪ್ಪದಂತೆ, ಎರಡು ಕೋಣಗಳ ಓಟಕ್ಕೆ ತನ್ನ ಹೆಜ್ಜೆ ಹೊಂದಿಸಿ ಕರೆಯ ಕೊನೆಯಲ್ಲಿರುವ ಮಂಜೊಟ್ಟಿ ಮುಟ್ಟುವುದು ಬೇರೆಯೇ ವಿದ್ಯೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಅಂತ ವಿಭಾಗಗಳಿವೆ, ಹಿರಿಯ ಕಿರಿಯ ಅಂತ ಇದೆ, ತೀರ್ಪುಗಾರರಿದ್ದಾರೆ, ಗಡಿಯಾರ ಇದೆ. ಇಷ್ಟೆಲ್ಲ ಇರುವ ಆಟದಲ್ಲಿ ಅವರು ಆಗಲೇ ಅಥ್ಲೀಟ್. ಅದಕ್ಕೆ ಬೋಲ್ಟ್ ಜೊತೆ ಹೋಲಿಕೆಯೂ ಬೇಕಾಗಿರಲಿಲ್ಲ, ಸ್ಪೈಕ್ಸ್ ಹಾಕಿ ತೋರಿಸುವುದೂ ಬೇಕಾಗಿರಲಿಲ್ಲ. ನಿಮ್ಮ ಆಫೀಸಿನವರು ಒಲಿಂಪಿಕ್ಸ್ ಹೆಸರೆತ್ತಿದರೆ ಇದೇ ಉತ್ತರ. ನೀವು ಇಳಿದಿರುವುದು 40 ದಾಟಿದವರ 10 ಕಿ.ಮೀ. ಓಟಕ್ಕೆ. ಅಳತೆಯೂ ಅಲ್ಲಿಯದೇ.

ಹಾಗಂತ ಎದೆಗೆ ಓಟದ ನಂಬರ್ ಚೀಟಿ, ಅಂದರೆ ಬಿಬ್, ಕಟ್ಟಿಕೊಂಡವರೆಲ್ಲ ಅಥ್ಲೀಟ್ ಅಂತ ನಾನು ಹೇಳುತ್ತಿಲ್ಲ. ಆರೋಗ್ಯಕ್ಕೆ, ಖುಷಿಗೆ ಓಡುವವರು ಬಹಳ ಜನ ಇದ್ದಾರೆ. ಅವರು ಓಟಗಾರರು, ಅದು ಸಣ್ಣ ಮಾತಲ್ಲ. ಅವರಿಗೆ ಈ ಇನ್ನೊಂದು ಹೆಸರು ಬೇಕಾಗಿಯೂ ಇರುವುದಿಲ್ಲ. ಫಿನಿಶರ್ ಮೆಡಲ್ ಓಟ ಮುಗಿಸಿದವರಿಗೆಲ್ಲ ಸಿಗುತ್ತದೆ, ಅದರಿಂದ ಏನೂ ತೀರ್ಮಾನ ಆಗುವುದಿಲ್ಲ. ನಾನು ನೋಡುವುದು ತಯಾರಿಯನ್ನು. ಮಂಗಳವಾರದ ಇಂಟರ್ವಲ್ (ನಡುನಡುವೆ ವಿಶ್ರಾಂತಿ ಕೊಟ್ಟು ವೇಗವಾಗಿ ಓಡುವುದು) ಯಾಕೆ, ಭಾನುವಾರದ ಲಾಂಗ್ ರನ್ ಯಾಕೆ ನಿಧಾನ, ಮುಂದಿನ ಓಟಕ್ಕೆ ಎರಡು ವಾರ ಇರುವಾಗ ಯಾಕೆ ಕಡಿಮೆ ಓಡಬೇಕು ಅಂತ ನಿಮಗೆ ಗೊತ್ತಿದ್ದು, ಅದರ ಪ್ರಕಾರ ನಡೆಯುತ್ತೀರಾ? ಮದುವೆ ಮನೆ ಊಟ, ರಾತ್ರಿ ನಿದ್ದೆ, ಇವುಗಳ ಮೇಲೆ ಅದು ಪರಿಣಾಮ ಮಾಡಿದೆಯಾ? ಗಾಯವಾಗಿ ಎರಡು ತಿಂಗಳು ಕೂತಾಗಲೂ ಫಿಸಿಯೋ ಹೇಳಿದ ವ್ಯಾಯಾಮ ಮಾಡುತ್ತೀರಾ? ಹೌದು ಅಂದರೆ ಕೂತಾಗಲೂ ನೀವು ಅಥ್ಲೀಟೇ.

ಒಂದು ವಿಷಯದಲ್ಲಿ ನಾನು ಕಠಿಣ. ನಮ್ಮ ಊರುಗಳ ಓಟದಲ್ಲಿ ಇನ್ನೊಬ್ಬರ ಬಿಬ್ ಹಾಕಿಕೊಂಡು ಓಡುವುದು ಸುಮ್ನೆ ಒಂದು ಅಡ್ಜಸ್ಟ್‌ಮೆಂಟ್ ಅನ್ನುವ ಹಾಗೆ ನಡೆಯುತ್ತದೆ. ಬಂದ ಸಮಯ ಬೇರೆಯವರ ಹೆಸರಿಗೆ ಹೋಗುತ್ತದೆ. ಅವರ ವಯಸ್ಸಿನ ವಿಭಾಗದಲ್ಲಿ ಪ್ರಾಮಾಣಿಕವಾಗಿ ಓಡಿದವರ ಸ್ಥಾನ ಕೆಳಗಿಳಿಯುತ್ತದೆ. ದಾರಿಯಲ್ಲಿ ಕುಸಿದುಬಿದ್ದರೆ ವೈದ್ಯರ ಕೈಗೆ ಸಿಗುವ ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಎರಡೂ ತಪ್ಪು. ಹಾಗೆ 40 ನಿಮಿಷದಲ್ಲಿ ಮುಗಿಸಿದವರಿಗಿಂತ ಸ್ವಂತ ಬಿಬ್‌ನಲ್ಲಿ 80 ನಿಮಿಷ ತಗೊಂಡವರಿಗೆ ಈ ಹೆಸರು ಹೆಚ್ಚು ಸಲ್ಲುತ್ತದೆ.

ಹೇಳಿಕೊಳ್ಳುವಾಗ ವಿಭಾಗವನ್ನೂ ಸೇರಿಸಿ ಹೇಳಿ. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ ಐದೈದು ವರ್ಷಕ್ಕೊಂದು ಗುಂಪು. ವಿಶ್ವ ಮಾಸ್ಟರ್ಸ್ ಕೂಟಕ್ಕೆ 35 ದಾಟಿದವರು ಅರ್ಹತಾ ಸಮಯ ಇಲ್ಲದೆಯೇ ಹೋಗಬಹುದು, ಸಾಮಾನ್ಯವಾಗಿ ಖರ್ಚು ತಮ್ಮದೇ. ಅಲ್ಲಿಗೆ ಹೋಗಿ ಬಂದವರು ಬರೀ 'ಅಂತರರಾಷ್ಟ್ರೀಯ ಅಥ್ಲೀಟ್' ಅಂತ ಬರೆದುಕೊಂಡರೆ ಕೇಳಿದವರಿಗೆ ಬೇರೆಯೇ ಅರ್ಥ ಆಗುತ್ತದೆ. 'ಮಾಸ್ಟರ್ಸ್, 40 ಪ್ಲಸ್' ಅಂದರೆ ಮಾತು ನೇರ ಇರುತ್ತದೆ, ಗೌರವವೂ ಕಡಿಮೆ ಆಗುವುದಿಲ್ಲ. 2017ರಲ್ಲಿ ಆಕ್ಲೆಂಡ್‌ನಲ್ಲಿ 101ನೇ ವಯಸ್ಸಿನಲ್ಲಿ 100 ಮೀಟರ್ ಓಡಿದ ಚಂಡೀಗಢದ ಮಾನ್ ಕೌರ್ ಅವರ ಗುಂಪಿನಲ್ಲಿ ಅವರೊಬ್ಬರೇ ಇದ್ದರು. 93ನೇ ವಯಸ್ಸಿನಲ್ಲಿ ಓಟ ಶುರುಮಾಡಿದ ಅವರು ದಿನವೂ ಅಭ್ಯಾಸಕ್ಕೆ ಹೋಗುತ್ತಿದ್ದರು. ಎದುರಾಳಿ ಇಲ್ಲ ಅಂತ ಅದನ್ನು ಬಿಡಲಿಲ್ಲ.

ಈಗ ಬಿಪಿ ಮಾತ್ರೆ. ಖಂಡಿತ ಆಗಬಹುದು, ಆದರೆ ಒಂದು ಕೆಲಸ ಮಾಡಿ. 2021ರಿಂದ ಜಾರಿಯಲ್ಲಿರುವ ವಿಶ್ವ ಉದ್ದೀಪನ ಮದ್ದು ತಡೆ ಸಂಹಿತೆಯಲ್ಲಿ ಹವ್ಯಾಸಿ ಅಥ್ಲೀಟ್ ಅಂತ ಒಂದು ವರ್ಗವೇ ಇದೆ. ರಾಷ್ಟ್ರೀಯ, ಅಂತರರಾಷ್ಟ್ರೀಯ ಮಟ್ಟಕ್ಕೆ ಹೋಗದೆ ಸ್ಪರ್ಧಿಸುವ ನಮ್ಮಂಥವರು ಅದರಲ್ಲಿ ಬರಬಹುದು. ಅಂದರೆ ನಿಯಮ ನಿಮ್ಮನ್ನೂ ಲೆಕ್ಕಕ್ಕೆ ತಗೊಂಡಿದೆ. ಬಿಪಿಗೆ ಕೊಡುವ ಅನೇಕ ಮಾತ್ರೆಗಳಲ್ಲಿ ಹೈಡ್ರೋಕ್ಲೋರೋಥಯಜೈಡ್ ಎಂಬ ಮೂತ್ರವರ್ಧಕ ಸೇರಿರುತ್ತದೆ. ಮೂತ್ರವನ್ನು ತೆಳುವಾಗಿಸಿ ಬೇರೆ ಮದ್ದುಗಳನ್ನು ಮರೆಮಾಡಬಲ್ಲದು ಅಂತ ಅದು ನಿಷೇಧಿತ ಪಟ್ಟಿಯಲ್ಲಿದೆ, ಸ್ಪರ್ಧೆಯ ದಿನ ಮಾತ್ರವಲ್ಲ, ಯಾವಾಗಲೂ. ಮಾತ್ರೆಯ ಸ್ಟ್ರಿಪ್‌ನ ಹಿಂಭಾಗ ಓದಿ. ಆ ಹೆಸರಿದ್ದರೆ ನೀವಾಗಿ ನಿಲ್ಲಿಸಬೇಡಿ, ಜೀವಕ್ಕೇ ಅಪಾಯ. ನಿಮ್ಮ ಡಾಕ್ಟರ್ ಹತ್ತಿರ ಹೋಗಿ, ನಾನು ಸ್ಪರ್ಧೆಗಳಲ್ಲಿ ಓಡುತ್ತೇನೆ, ಇದಕ್ಕೆ ಬದಲಿ ಇದೆಯಾ ಅಂತ ಕೇಳಿ. ಟೆಲ್ಮಿಸಾರ್ಟನ್, ಆಮ್ಲೋಡಿಪಿನ್ ಎಂಬ ಬಿಪಿ ಔಷಧಗಳು ಮೂತ್ರವರ್ಧಕ ಸೇರದೆ ಇದ್ದರೆ ತೊಂದರೆ ಇಲ್ಲ. ಬದಲಿ ಆಗದಿದ್ದರೆ ಡಾಕ್ಟರ ಚೀಟಿ, ರಿಪೋರ್ಟ್ ಎಲ್ಲ ಫೈಲ್ ಮಾಡಿ ಇಟ್ಟುಕೊಳ್ಳಿ. ಚಿಕಿತ್ಸೆಗಾಗಿ ವಿನಾಯಿತಿ ಕೇಳುವ ದಾರಿ ಇದೆ, ನಮ್ಮ ಮಟ್ಟದವರು ಪರೀಕ್ಷೆ ಆದ ಮೇಲೂ ಅರ್ಜಿ ಹಾಕಬಹುದು. ಮುಂದಿನ ಓಟಕ್ಕೆ ಹೆಸರು ಕೊಡುವ ಮೊದಲೇ ಇದನ್ನು ಮುಗಿಸಿಕೊಳ್ಳಿ.