ಆಮೇಲೆ ಅಂಟಿಕೊಂಡ ಬಾಲ

ಮಾನ್ಯರೇ,

‘ಕರ್ಟೇಲ್’ (ಮೊಟಕುಗೊಳಿಸು) ಎಂಬ ಇಂಗ್ಲಿಷ್ ಕ್ರಿಯಾಪದವನ್ನು ಕುರಿತ ನಿಮ್ಮ ಲೇಖನ ತಲುಪಿದೆ. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡನೆಯ ಪ್ಯಾರಾ ನನ್ನನ್ನು ಕೆರಳಿಸಿತು.

‘ಕರ್ ಎಂದರೆ ಕಂತ್ರಿನಾಯಿ, ಟೇಲ್ ಎಂದರೆ ಬಾಲ, ನಾಯಿಗಳ ಬಾಲ ಕತ್ತರಿಸುವ ರೂಢಿಯಿಂದ ಈ ಪದ ಹುಟ್ಟಿತು’ ಎಂದಿದ್ದೀರಿ. ಈ ಕಥೆ ಬಹಳ ಕಾಲದಿಂದ ಓಡಾಡುತ್ತಿದೆ, ಆದರೆ ನಿಜವಲ್ಲ. ಇಲ್ಲಿರುವುದು ನಾಯಿಯಲ್ಲ, ಕುದುರೆ. ‘ಮೋಟಾದ’ ಎಂಬ ಅರ್ಥದ ಲ್ಯಾಟಿನ್ ‘ಕುರ್ಟುಸ್’ ಫ್ರೆಂಚಿಗೆ ಇಳಿದು, ಅಲ್ಲಿಂದ ಬಾಲ ಮೋಟುಮಾಡಿದ ಕುದುರೆಯನ್ನು ಸೂಚಿಸುವ ‘ಕರ್ಟಲ್’ ಆಗಿ ಇಂಗ್ಲಿಷಿಗೆ ಬಂದಿತು. ಆ ನಾಮಪದವೇ ಮುಂದೆ ಕ್ರಿಯಾಪದವಾಯಿತು. ಅದರ ‘ಟ’ಕಾರ ‘ಕುರ್ಟುಸ್’ನದು, ಉಳಿದದ್ದು ಬರಿಯ ಪ್ರತ್ಯಯ. ಅರ್ಥದಲ್ಲಿ ಬಾಲವಿದ್ದುದರಿಂದ ಇಂಗ್ಲಿಷರ ಕಿವಿಗೆ ಆ ಕೊನೆಯ ಸದ್ದು ‘ಟೇಲ್’ ಎಂದೇ ಕೇಳಿಸಿ, ಕಾಗುಣಿತವೂ ಉಚ್ಚಾರಣೆಯೂ ಅದಕ್ಕೆ ತಕ್ಕಂತೆ ಹೊರಳಿದವು. ಬಾಲ ಕತ್ತರಿಸುವ ಪದಕ್ಕೇ ಬಾಲ ಅಂಟಿಕೊಂಡ ಈ ಸಂಗತಿ ನಿಮ್ಮ ನಾಯಿಗಿಂತ ಎಷ್ಟು ರಸವತ್ತಾಗಿತ್ತು!

ನಾನು ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ, ಪದಮೂಲದ ಮಾತು ಬಂದಲ್ಲೆಲ್ಲ ನಮ್ಮ ಹಿರಿಯ ಸಂಪಾದಕರು ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ‘ಯಾವ ನಿಘಂಟು?’ ಎಂದು ಗೀಚಿ ಹಸ್ತಪ್ರತಿಯನ್ನು ಮೇಜಿನ ಈಚೆಗೆ ತಳ್ಳುತ್ತಿದ್ದರು. ಕಪಾಟಿನಿಂದ ದಪ್ಪ ಸಂಪುಟವನ್ನಿಳಿಸಿ ನೋಡಿ ಬರುವವರೆಗೆ ಆ ಪುಟ ಅಚ್ಚಿಗೆ ಹೋಗುತ್ತಿರಲಿಲ್ಲ. ಆಗೆಲ್ಲ ಅವರ ಮೇಲೆ ಸಿಟ್ಟು ಬರುತ್ತಿತ್ತು. ಈಗ ನಿಮಗೂ ನನ್ನ ಮೇಲೆ ಬಂದರೆ ಆಶ್ಚರ್ಯವಿಲ್ಲ.

ಇನ್ನು ಉದಾಹರಣೆಗಳು. ‘ದರ್ಜಿ ಪ್ಯಾಂಟನ್ನು ಕರ್ಟೇಲ್ ಮಾಡಿದ’ ಎಂದು ಇಂಗ್ಲಿಷಿನಲ್ಲಿ ಯಾರೂ ಹೇಳುವುದಿಲ್ಲ. ಅಲ್ಲಿ ‘ಷಾರ್ಟನ್’ ಸಾಕು. ಕಾದಂಬರಿಯನ್ನು ಸಂಕ್ಷೇಪಿಸುವುದಕ್ಕೆ ‘ಅಬ್ರಿಜ್’ ಇದೆ, ‘ಡಾಕ್ಟರ್’ ಎಂಬುದನ್ನು ‘ಡಾ.’ ಮಾಡುವುದಕ್ಕೆ ‘ಅಬ್ರೀವಿಯೇಟ್’ ಇದೆ. ‘ಕರ್ಟೇಲ್’ ಸಲ್ಲುವುದು ಖರ್ಚು, ಅಧಿಕಾರ, ಸ್ವಾತಂತ್ರ್ಯ, ಪ್ರವಾಸ, ಭಾಷಣ ಇಂಥವುಗಳಿಗೆ. ಪೂರ್ತಿ ಸಾಗಬೇಕಾದದ್ದನ್ನು ಕೊರತೆ ಎದ್ದು ಕಾಣುವಂತೆ ತಡೆಯುವ ಧ್ವನಿ ಅದರಲ್ಲಿದೆ. ನಮ್ಮ ‘ಮೊಟಕುಗೊಳಿಸು’ ಅದಕ್ಕೆ ತೀರ ಹತ್ತಿರ.

‘ಹಕ್ಕುಗಳಿಗೆ ಅಬ್ರಿಜ್ ಎಂದು ಬಳಸುವುದು ತಪ್ಪು’ ಎಂಬ ನಿಮ್ಮ ತೀರ್ಪನ್ನಂತೂ ಹೊಡೆದುಹಾಕಿದ್ದೇನೆ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲ ತಿದ್ದುಪಡಿಯೂ ಭಾರತದ ಸಂವಿಧಾನದ 13(2)ನೆಯ ವಿಧಿಯೂ ಹಕ್ಕುಗಳನ್ನು ಮೊಟಕುಗೊಳಿಸಬಾರದು ಎನ್ನಲು ಬಳಸಿರುವುದು ಅದೇ ಕ್ರಿಯಾಪದವನ್ನು.

ಎರಡನೆಯ ಪ್ಯಾರಾವನ್ನೂ ಉದಾಹರಣೆಗಳನ್ನೂ ಹೊಸದಾಗಿ ಬರೆದು ಕಳುಹಿಸಿ. ಉಳಿದ ಭಾಗಕ್ಕೆ ನಾನು ಕೈಹಚ್ಚುವುದಿಲ್ಲ.

ಇಂತಿ,
ಸಂಪಾದಕ