ಅಮೆರಿಕದಲ್ಲಿ ಮಂತ್ರಿಯಾಗುವವರು ತಮ್ಮ ಷೇರು ಯಾಕೆ ಮಾರುತ್ತಾರೆ?

ಮಾರದಿದ್ದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಒಪ್ಪಿಗೆ ಸಿಗುವುದು ಕಷ್ಟ. ಎಲ್ಲ ಷೇರೂ ಅಲ್ಲ, ಖಾತೆಯ ಕೆಲಸಕ್ಕೆ ತಾಗುವಂಥವು ಮಾತ್ರ. ತನ್ನ ದುಡ್ಡಿರುವ ಕಂಪನಿಗೆ ಲಾಭ-ನಷ್ಟ ತರುವ ಸರ್ಕಾರಿ ತೀರ್ಮಾನದಲ್ಲಿ ಮಂತ್ರಿ ಕೈಹಾಕಿದರೆ ಅಲ್ಲಿ ಅದು ಕ್ರಿಮಿನಲ್ ಅಪರಾಧ. ಹಾಗಾಗಿ ಏನು ಮಾರುತ್ತೇನೆ, ಯಾವುದರಿಂದ ದೂರ ಇರುತ್ತೇನೆ ಅಂತ ಮೊದಲೇ ಬರೆದುಕೊಡಬೇಕು.

1953ರಲ್ಲಿ ಜನರಲ್ ಮೋಟರ್ಸ್ ಮುಖ್ಯಸ್ಥ ಚಾರ್ಲ್ಸ್ ವಿಲ್ಸನ್ ರಕ್ಷಣಾ ಮಂತ್ರಿಯಾಗಲು ಬಂದರು. ಸೇನೆಗೇ ಮಾಲು ಮಾರುವ ಕಂಪನಿ ಅದು! ದೇಶಕ್ಕೆ ಒಳ್ಳೆಯದಾದದ್ದು ಕಂಪನಿಗೂ ಒಳ್ಳೆಯದು ಅಂದುಕೊಂಡಿದ್ದೆ ಎಂದರು. ಸೆನೆಟ್ ಸಮಿತಿ ಜಗ್ಗಲಿಲ್ಲ. ಷೇರು ಮಾರಲು ಒಪ್ಪಿದ ಮೇಲೆಯೇ ಹುದ್ದೆ ಸಿಕ್ಕಿತು. ತಮಾಷೆ ಅಂದ್ರೆ, ಈಗಿನ ಆ ಕ್ರಿಮಿನಲ್ ಕಾನೂನು ಮಂತ್ರಿಗಳನ್ನು ಆರಿಸುವ ಅಧ್ಯಕ್ಷರಿಗೆ ಅನ್ವಯಿಸುವುದಿಲ್ಲ.